ಆರೂ ನಲ್ವತ್ತರ ಗಾಡಿ

ಹೈದರಾಬಾದಿಗೆ ಹೋಗುವ ಮಾತನ್ನು ಮೊದಲು ಎತ್ತಿದವಳು ಸುನಂದಾ. ದೀಪಾವಳಿ ಕಳೆದ ಮರುವಾರ, ಗಂಡ ಅಮರನಾಥ ಊಟಕ್ಕೆ ಕೂತಿದ್ದಾಗ, ಹಂಚಿನ ಮೇಲಿನ ರೊಟ್ಟಿ ಮಗುಚುತ್ತ ಹೇಳಿದಳು.

"ವಿಜಿ ಮುಂದಿನ ವರ್ಷ ಹತ್ತನೇತ್ತ. ಆಮ್ಯಾಲ ಟ್ಯೂಶನ್ನು, ಕಾಲೇಜು ಅಂತ ಎಲ್ಲಿಗೂ ಹೋಗಾಕ ಆಗಂಗಿಲ್ಲ. ಎರಡು ದಿನ ಹೈದರಾಬಾದ ನೋಡ್ಕೊಂಡು ಬರೋಣ."

ಅಮರನಾಥ ಕಲಬುರಗಿಯ ಸ್ಟೇಶನ್ ಬಜಾರದ ಒಂದು ಹಳೆಯ ಲಾಡ್ಜಿನಲ್ಲಿ ಮ್ಯಾನೇಜರ್. ಊರೂರುಗಳಿಂದ ಬಂದವರ ಹೆಸರು ಬರೆದುಕೊಂಡು ಕೀಲಿಕೈ ಕೊಡುವ ಕೆಲಸವನ್ನು ಇಪ್ಪತ್ತೊಂದು ವರ್ಷದಿಂದ ಮಾಡುತ್ತಿದ್ದ. ತಾನು ಮಾತ್ರ ಸೊಲ್ಲಾಪುರದಾಚೆ ಹೋದವನಲ್ಲ. ಸುನಂದಾ ಅಷ್ಟೂ ಹೋದವಳಲ್ಲ. ಅವಳು ಮದುವೆಯಾಗಿ ಕಪನೂರ ಕಡೆಯ ಈ ಎರಡು ಕೋಣೆಯ ಮನೆಗೆ ಬಂದು ಹದಿನೆಂಟು ವರ್ಷವಾಗಿತ್ತು. ಬಂದ ಎರಡನೇ ವರ್ಷಕ್ಕೇ ಅತ್ತೆ ತೀರಿಕೊಂಡಳು. ಅಲ್ಲಿಂದ ಮೈದುನ ಶಿವಲಿಂಗನ ಊಟ, ಬಟ್ಟೆ, ಗುಳಿಗೆ ಎಲ್ಲ ಅವಳ ಪಾಲಿಗೆ ಬಂತು.

ಶಿವಲಿಂಗನಿಗೆ ಮೂವತ್ತಾರು. ಬುದ್ಧಿ ಏಳೆಂಟು ವರ್ಷದ ಹುಡುಗನದು ಎಂದು ಡಾಕ್ಟರು ಹೇಳಿದ್ದರು. ಆಗಾಗ ಮೂರ್ಛೆ ಬರುತ್ತಿತ್ತು. ಹೊತ್ತಿಗೆ ಸರಿಯಾಗಿ ಗುಳಿಗೆ ಬಿದ್ದರೆ ಮೂರು ನಾಲ್ಕು ತಿಂಗಳು ತಂಟೆಯಿಲ್ಲ. ಕಪನೂರಿನ ಒಂದು ಬೇಳೆ ಮಿಲ್ಲಿನಲ್ಲಿ ತುಂಬಿದ ಚೀಲಗಳ ಬಾಯಿ ಹೊಲಿಯುತ್ತಿದ್ದ. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಿಲ್ಲಿನ ಮುಕಾದಮ ಇಮಾಮುದ್ದೀನ್ ಅವನನ್ನು ಯಾರೂ ಚುಡಾಯಿಸದಂತೆ ನೋಡಿಕೊಳ್ಳುತ್ತಿದ್ದ. ಪಗಾರದ ದಿನ ಶಿವಲಿಂಗ ಕವರನ್ನು ಬಿಚ್ಚದೆಯೇ ತಂದು ವೈನಿಯ, ಅಂದರೆ ಅತ್ತಿಗೆ ಸುನಂದಾಳ, ಕೈಗಿಡುತ್ತಿದ್ದ.

ಅವತ್ತೂ ಅವನು ಅಡುಗೆಮನೆಯ ಬಾಗಿಲಲ್ಲೇ ಕೂತಿದ್ದ. ಹೈದರಾಬಾದ ಎಂದೊಡನೆ ತಲೆಯೆತ್ತಿದ.

"ನಾನೂ ವೈನಿ?"

"ನಿನ್ನ ಬಿಟ್ಟು ಯಾರು ಹೋಗ್ತಾರ," ಎಂದಳು ಸುನಂದಾ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ.

ಮುಂದಿನ ನಾಲ್ಕೈದು ವಾರ ಆ ಮನೆಯಲ್ಲಿ ಸಂಜೆಗೆ ಬೇರೆ ಮಾತೇ ಇರಲಿಲ್ಲ. ಮಗಳು ವಿಜಯಶ್ರೀ ಅಪ್ಪನ ಮೊಬೈಲು ಹಿಡಿದುಕೊಂಡು ಒಂದೊಂದೇ ಹುಡುಕುತ್ತಿದ್ದಳು. ಮ್ಯೂಸಿಯಂ ಶುಕ್ರವಾರ ಬಂದ್, ಝೂ ಸೋಮವಾರ ಬಂದ್. ಹಾಗಾಗಿ ಶನಿವಾರ ಹೋಗಿ ಐತಾರ ಸಂಜೆ ತಿರುಗಿ ಬರುವುದು. ರಿಸರ್ವೇಶನ್ ಬೇಡ, ಜನರಲ್ ಡಬ್ಬಿಯಲ್ಲೇ ಹೋಗುವುದು. ಊರೊಳಗೆ ಆಟೊ ಬೇಡ, ಸಿಟಿ ಬಸ್ಸು. ಶನಿವಾರದ ಮಧ್ಯಾಹ್ನಕ್ಕೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ನಾಂಪಲ್ಲಿಯ ಒಂದು ಲಾಡ್ಜಿನಲ್ಲಿ ಸರ್ಫರಾಜ್ ಎಂಬವನಿದ್ದ. ಮೊದಲು ಅಮರನಾಥನ ಕೈಕೆಳಗೇ ರೂಮ್‌ಬಾಯ್ ಆಗಿದ್ದವನು. ಅರ್ಧ ಬಾಡಿಗೆಗೆ ಒಂದು ಕೋಣೆ ಕೊಡಿಸುತ್ತೇನೆಂದು ಅವನು ಫೋನಿನಲ್ಲಿ ಹೇಳಿದ. ಚಾರ್‌ಮಿನಾರ್ ಹತ್ತುವುದೋ ಕೆಳಗಿನಿಂದ ನೋಡಿದರೆ ಸಾಕೋ ಎಂಬುದರ ಮೇಲೆ ತಾಯಿ ಮಗಳಿಗೆ ಒಂದು ಸಂಜೆಯೆಲ್ಲ ವಾದ ನಡೆಯಿತು. ಎಲ್ಲ ಕೂಡಿಸಿ ನೋಡಿದರೆ ನಾಲ್ವರ ಖರ್ಚು ಸುನಂದಾ ಒಂದು ವರ್ಷದಿಂದ ಡಬ್ಬಿಯಲ್ಲಿಟ್ಟಿದ್ದಕ್ಕಿಂತ ಸ್ವಲ್ಪ ಹೆಚ್ಚಾಗುತ್ತಿತ್ತು. ಅದನ್ನು ಕೇಳಿ ಶಿವಲಿಂಗ ಎದ್ದುಹೋಗಿ, ಹಬ್ಬಕ್ಕೆ ಮಿಲ್ಲಿನಲ್ಲಿ ಕೊಟ್ಟಿದ್ದ ಇನಾಮಿನ ನೋಟುಗಳನ್ನು ತಂದು ಅವಳ ಮುಂದಿಟ್ಟ.

"ಇವೂ ಹಾಕ್ರಿ. ಆಗತದಲ್ಲ?"

"ಆಗತದ," ಎಂದಳು.

ವಿಜಿ ಓದಿದ್ದನ್ನೆಲ್ಲ ಅವನು ಬಾಯಿಪಾಠ ಮಾಡಿದ. ಅಕ್ಷರ ಬಾರದವನಿಗೆ ಕೇಳಿದ ಮಾತು ಮರೆಯುತ್ತಿರಲಿಲ್ಲ. "ಶನಿವಾರ. ಆರೂ ನಲ್ವತ್ತಕ್ಕ ಗಾಡಿ. ಒಂದನೇ ಪ್ಲಾಟ್‌ಫಾರ್ಮ್. ನಾಂಪಲ್ಲಿ ಇಳಿಯೋದು." ಮ್ಯೂಸಿಯಮ್ಮಿನ ಗಡಿಯಾರದ ವಿಡಿಯೊವನ್ನು ವಿಜಿ ಒಮ್ಮೆ ತೋರಿಸಿದ್ದಳು. ತಾಸಿಗೊಮ್ಮೆ ಒಂದು ಸಣ್ಣ ಗೊಂಬೆ ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಅದನ್ನು ಅವನು ಇಪ್ಪತ್ತು ಸಲವಾದರೂ ಹಾಕಿಸಿಕೊಂಡು ನೋಡಿದ. ಮಿಲ್ಲಿನಲ್ಲಿ ಕಂಡ ಕಂಡವರಿಗೆ ಹೇಳಿದ. ಇಮಾಮುದ್ದೀನ್ ಎರಡು ದಿನದ ರಜೆಯನ್ನು ಮುಂಚೆಯೇ ಬರೆದುಕೊಂಡ.

ಹೊರಡಲು ಹತ್ತು ದಿನವಿದ್ದಾಗ, ಶಿವಲಿಂಗನಿಗೊಂದು ಅಂಗಿ ಕೊಳ್ಳೋಣವೆಂದು ಸುನಂದಾ ಅವನನ್ನೂ ವಿಜಿಯನ್ನೂ ಕರೆದುಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋದಳು. ಚೌಕಡಿ ಅಂಗಿ ಅವನೇ ಆರಿಸಿದ. ಅಂಗಡಿಯಿಂದ ಇಳಿದು ಹತ್ತು ಹೆಜ್ಜೆ ಬಂದಿರಬೇಕು, ಗದ್ದಲದ ನಡುವೆ ಅವನಿಗೆ ಮೂರ್ಛೆ ಬಂತು. ಬಳೆ ಮಾರುವವರ ಬುಟ್ಟಿಯ ಮೇಲೆಯೇ ಬಿದ್ದ. ಜನ ಕೂಡಿದರು. ಒಬ್ಬ ಚಪ್ಪಲಿ ಮೂಸಿಸಲು ಬಂದ, ಇನ್ನೊಬ್ಬ ಮೊಬೈಲು ಎತ್ತಿ ಹಿಡಿದ. ಸುನಂದಾ ನೆಲಕ್ಕೆ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನ ಪ್ಯಾಂಟು ಒದ್ದೆಯಾಗಿತ್ತು. ಸೆರಗು ಮುಚ್ಚಿ, ವಿಜಿ ಎಲ್ಲಿ ಎಂದು ತಲೆಯೆತ್ತಿ ನೋಡಿದರೆ, ಮಗಳು ಆ ಬದಿಯ ಅಂಗಡಿಯ ಕಟ್ಟೆಯ ಮೇಲೆ ನಿಂತು ಬೇರೆಯವರ ಹಾಗೆ ನೋಡುತ್ತಿದ್ದಳು. ಪಕ್ಕದಲ್ಲಿ ಅವಳ ಶಾಲೆಯ ಇಬ್ಬರು ಹುಡುಗಿಯರಿದ್ದರು.

ಮರುದಿನ ಮಧ್ಯಾಹ್ನ ಸುನಂದಾ ಸ್ಟೇಶನ್ ಬಜಾರಕ್ಕೆ ಹೋದಳು. ಲಾಡ್ಜಿನ ಕೌಂಟರಿನಲ್ಲಿ ಗಂಡ ಒಬ್ಬನೇ ಇದ್ದ. ಅವಳು ಅಲ್ಲಿಗೆ ಬಂದದ್ದು ಹದಿನೆಂಟು ವರ್ಷದಲ್ಲಿ ನಾಲ್ಕೋ ಐದೋ ಸಲ.

"ಸರ್ಫರಾಜ್ ಒಂದು ರೂಮಿಗೆ ಮೂರು ಮಂದಿ ಅಂದಾನಲ್ಲ?" ಎಂದು ಕೇಳಿದಳು.

"ಅದು ಲಾಡ್ಜಿನ ಕಾಯದಾ. ನಾಕನೇದವಂಗ ಕೆಳಗ ಗಾದಿ ಹಾಕಿಸ್ತಾನ, ಮಾತಾಡೇನಿ."

"ಅವನು ಹಂಗ ಅಂತಾನ. ನಾಳೆ ಮಾಲಕ ಬಂದು ಎರಡನೇ ರೂಮು ತಗೋರಿ ಅಂದ್ರ?"

ಅಮರನಾಥ ಪೆನ್ನು ಕೆಳಗಿಟ್ಟ. "ಇದು ರೂಮಿನ ಮಾತಲ್ಲ."

"ಅಲ್ಲ," ಎಂದಳು. ಬೀದಿಯ ಕಡೆ ಮುಖ ತಿರುಗಿಸಿದಳು. "ನನಗ ಎರಡು ದಿನ ಬೇಕ್ರಿ. ಯಾರ ಬಾಯಿ ಒರಸದ, ಯಾರ ಪ್ಯಾಂಟು ಬದಲಸದ ಎರಡು ದಿನ. ಹದಿನೆಂಟು ವರ್ಷದಾಗ ಎರಡು ದಿನ ಕೇಳಾಕತ್ತೀನಿ. ಅಲ್ಲಿ ಗದ್ದಲದಾಗ ಹಿಂಗಾದ್ರ ವಿಜಿ ಮತ್ತ ನಮ್ಮ ಕೂಡ ಎಲ್ಲಿಗೂ ಬರಂಗಿಲ್ಲ."

ಒಬ್ಬ ಗಿರಾಕಿ ಬಂದು ರೂಮು ಕೇಳಿದ; ಅಮರನಾಥ ಹೆಸರು ಬರೆದುಕೊಂಡು ಕೀಲಿಕೈ ಕೊಟ್ಟ. ಆಮೇಲೆ, "ಕಮಲಾಪುರಕ್ಕ ನೀಲಗಂಗಮ್ಮತ್ತಿಗೆ ಫೋನ್ ಮಾಡ್ತೇನಿ. ಅವನು ಅಲ್ಲೇ ಇರಲಿ," ಎಂದ.

ಶಿವಲಿಂಗನಿಗೆ ಹೇಳುವ ಕೆಲಸ ವಿಜಿಯ ಮೇಲೆ ಬಿತ್ತು. "ನಿನ್ನ ಮಾತು ನಂಬ್ತಾನ," ಎಂದಳು ಸುನಂದಾ. ವಿಜಿ ಎರಡು ದಿನ ತಪ್ಪಿಸಿಕೊಂಡು ತಿರುಗಿದಳು. ಮೂರನೆಯ ದಿನ ತಾಯಿ ಮತ್ತೆ ಹೇಳಿದ ಮೇಲೆ, ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದ ಅವನ ಬಳಿಗೆ ಹೋದಳು.

"ಕಾಕಾ, ಟ್ರಿಪ್ ಮುಂದ ಹೋಯ್ತು. ಬ್ಯಾಸಗಿ ರಜಾದಾಗ ಹೋಗೋಣ."

ಶಿವಲಿಂಗ ಮುಖ ಒರೆಸಿಕೊಂಡ. "ಗಡಿಯಾರ ಅಲ್ಲೇ ಇರತದಲ್ಲ?"

"ಇರತದ."

"ಹಂಗಾರ ಆಯ್ತು," ಎಂದ.

ಶುಕ್ರವಾರ ಮಧ್ಯಾಹ್ನ ಸುನಂದಾ ಅವನನ್ನು ಕಮಲಾಪುರಕ್ಕೆ ಕರೆದುಕೊಂಡು ಹೊರಟಳು. ಅತ್ತಿಯ ಬಾಳೆಗೊನೆ ಇಳಿಸಬೇಕಂತೆ, ಆಳು ಸಿಕ್ಕಿಲ್ಲ, ಮೂರು ದಿನ ಇದ್ದು ಬಾ ಎಂದು ಹೇಳಿದ್ದಳು. ಅವನು ಹೊಸ ಚೌಕಡಿ ಅಂಗಿ ಹಾಕಿಕೊಂಡ. ಬೇಡ, ಬಾಳೆಯ ಕರೆ ಹತ್ತುತ್ತದೆ ಎಂದರೂ ಕೇಳಲಿಲ್ಲ. ಬಸ್ಸು ಕಪನೂರ ದಾಟುವಾಗ ಕಿಟಕಿಯಿಂದ ತನ್ನ ಮಿಲ್ಲು ತೋರಿಸಿದ. ಅವಳು ಅದನ್ನು ದಿನಾ ನೋಡುವವಳೇ ಆದರೂ ಹ್ಞೂಂ ಎಂದಳು.

ಅತ್ತಿ ಎಂದರೆ ಅಮರನಾಥನ ತಂದೆಯ ತಂಗಿ ನೀಲಗಂಗಮ್ಮ. ಎಪ್ಪತ್ತರ ಮುದುಕಿ. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅರ್ಧ ಎಕರೆ ಕೆಂಪು ಬಾಳೆ ಹಾಕಿಕೊಂಡು, ಸಂತೆಯ ದಿನ ತಾನೇ ಕೂತು ಮಾರುತ್ತಿದ್ದಳು. ಸುನಂದಾ ಗುಳಿಗೆಗಳನ್ನು ಹೊತ್ತಿನ ಪ್ರಕಾರ ಚೀಟಿಯಲ್ಲಿ ಕಟ್ಟಿ ಅವಳ ಕೈಗೆ ಕೊಟ್ಟಳು. ನಾವು ಹೋಗುವುದು ಅವನಿಗೆ ಗೊತ್ತಿಲ್ಲ, ಬಾಯಿ ಬಿಡಬೇಡಿ ಎಂದು ಹೇಳಬೇಕಿತ್ತು. ಆದರೆ ಶಿವಲಿಂಗ ಅತ್ತಿಯ ಪಕ್ಕ ಬಿಡಲೇ ಇಲ್ಲ. ಅಷ್ಟರಲ್ಲಿ ಕಲಬುರಗಿ ಬಸ್ಸಿನ ಹೊತ್ತಾಯಿತು. ಫೋನಿನಲ್ಲಿ ಹೇಳಿದರಾಯಿತೆಂದು ಹೊರಟಳು. ಮನೆಗೆ ಬಂದ ಮೇಲೆ ರೊಟ್ಟಿ ಕಟ್ಟುವುದು, ಚೀಲ ತುಂಬುವುದು, ವಿಜಿಯ ಕೂದಲಿಗೆ ಎಣ್ಣೆ. ಮರೆತೇ ಹೋಯಿತು.

ಶನಿವಾರ ಆರು ಗಂಟೆಗೆಲ್ಲ ಮೂವರೂ ಒಂದನೇ ಪ್ಲಾಟ್‌ಫಾರ್ಮಿನಲ್ಲಿದ್ದರು. ಡಿಸೆಂಬರ್ ತಿಂಗಳ ಚಳಿ. ಸುನಂದಾ ಹೊಸ ಶಾಲು ಹೊದ್ದಿದ್ದಳು. ಚಹಾ ಕುಡಿದಳು; ಅದನ್ನು ಯಾರಿಗೂ ಊದಿ ಆರಿಸಿ ಕೊಡುವುದಿರಲಿಲ್ಲ. ಆ ಹತ್ತಿಪ್ಪತ್ತು ನಿಮಿಷ ಅವಳು ಸುಖವಾಗಿದ್ದಳು. ಆಮೇಲಿನ ದಿನಗಳಲ್ಲಿ ಅವಳನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ.

ಆರೂ ಇಪ್ಪತ್ತೈದಕ್ಕೆ ಅಮರನಾಥನ ಫೋನು ಬಂತು. ನೀಲಗಂಗಮ್ಮ.

"ಅಮರಾ, ಶಿವ್ಯಾ ಇಲ್ಲೋ. ಎದ್ದು ನೋಡ್ತೀನಿ, ಹಾಸಿಗಿ ಮಡಚಿ ಇಟ್ಟಾನ. ತೋಟದಾಗೂ ಇಲ್ಲ. ರಾತ್ರಿ ಉಣ್ಣಾಗ ಅಂದೆ, ನಾಳೆ ಅವರು ಹೈದರಾಬಾದಕ್ಕ ಹೊಂಟಾರ, ನೀ ನನ್ನ ಕೂಡ ಆರಾಮ ಇರು ಅಂತ. ಖರೇನ ಅಂದ. ಹೌದೋ ಅಂದೆ. ಸುಮ್ಮನ ಮಲಗಿದ. ನನಗೇನು ಗೊತ್ತು, ನೀವು ಅವಂಗ ಹೇಳಿಲ್ಲಂತ."

ಅಮರನಾಥ ಫೋನು ಕಿವಿಯಿಂದ ತೆಗೆದು ಹೆಂಡತಿಗೆ ವಿಷಯ ಹೇಳಿದ. "ಐದೂವರಿಗೆ ಮೊದಲ್ನೇ ಬಸ್ಸದ. ಅದನ್ನ ಹತ್ಯಾನ. ಇಲ್ಲಿಗೇ ಬರಾಕತ್ತಾನ."

"ಒಬ್ಬನೇ ಎಂದ್ಯಾರ ಬಸ್ಸು ಹತ್ಯಾನೇನ್ರಿ? ಅಲ್ಲೇ ಯಾರರೆ ತೋಟದಾಗ ಕುಂತಿರಬೇಕು."

"ನಾ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡ್ತೇನಿ."

"ಹದಿನೈದು ನಿಮಿಷ ಅದ. ಹೋಗಿ ಬರೋದರಾಗ ಗಾಡಿ ಹೋಗತದ."

ವಿಜಿ ಇಬ್ಬರ ಮುಖವನ್ನೂ ನೋಡಿದಳು. "ಕಾಕಾಗ ಎಲ್ಲ ಬಾಯಿಪಾಠ ಅದ ಮಮ್ಮಿ."

ಗಾಡಿ ಬಂತು. ಜನರಲ್ ಡಬ್ಬಿಯ ಬಾಗಿಲಿಗೆ ಜನ ಮುತ್ತಿಕೊಂಡರು. ಅಮರನಾಥ ಇನ್ನೂ ಗೇಟಿನ ಕಡೆ ನೋಡುತ್ತ ನಿಂತಿದ್ದ. "ಹತ್ರಿ," ಎಂದಳು ಸುನಂದಾ. "ಅತ್ತಿ ಹುಡಕತಾಳ. ಬಂದರೂ ಇಮಾಮುದ್ದೀನ್‌ಗ ಫೋನ್ ಮಾಡಿದ್ರ ಕರ್ಕೊಂಡು ಹೋಗತಾನ. ಹತ್ರಿ ಮೊದಲ." ಅವಳೇ ಮಗಳ ಕೈ ಹಿಡಿದು ಒಳಗೆ ಎಳೆದುಕೊಂಡಳು. ಗಾಡಿ ಹೊರಡುವಾಗ ಅಮರನಾಥನೂ ಹತ್ತಿದ.

ಒಳಗೆ ಕೂರಲು ಜಾಗ ಸಿಕ್ಕಿತು. ಅಮರನಾಥ ಇಮಾಮುದ್ದೀನನಿಗೆ ಫೋನು ಹಚ್ಚಿದ. ಎತ್ತಲಿಲ್ಲ, ಮತ್ತೆ ಹಚ್ಚಿದ. ಶಹಾಬಾದ ದಾಟುವಾಗ ವಿಜಿ ಎದ್ದು ಬಾಗಿಲ ಬಳಿ ಹೋಗಿ ನಿಂತಳು. ಸುನಂದಾ ಕರೆದರೂ ತಿರುಗಲಿಲ್ಲ. ವಾಡಿಯಲ್ಲಿ ಗಾಡಿ ನಿಂತೊಡನೆ ಹುಡುಗಿ ಇಳಿದುಬಿಟ್ಟಳು. ಅಮರನಾಥ ಚೀಲ ಎತ್ತಿಕೊಂಡು ಅವಳ ಹಿಂದೆ ಇಳಿದ. ಸುನಂದಾ ಕೊನೆಯವಳಾಗಿ ಇಳಿದಳು. ತಿರುಗಿ ಬರುವ ಗಾಡಿಗೆ ಒಂದೂವರೆ ತಾಸು ಕಾಯಬೇಕಾಯಿತು. ಆ ಹೊತ್ತೆಲ್ಲ ವಿಜಿ ಬೇರೆ ಬೆಂಚಿನ ಮೇಲೆ ಕೂತಿದ್ದಳು.

ಕಲಬುರಗಿಗೆ ಬಂದಾಗ ಒಂಬತ್ತೂವರೆ. ವಾಡಿಯಿಂದ ಹಚ್ಚಿದ ಫೋನು ಎತ್ತಿದ್ದ ಇಮಾಮುದ್ದೀನ್ ಅವರಿಗಿಂತ ಮುಂಚೆ ಬಂದು ಪ್ಲಾಟ್‌ಫಾರ್ಮುಗಳನ್ನೆಲ್ಲ ತಿರುಗಿ ನೋಡಿದ್ದ. ಶಿವಲಿಂಗ ಇರಲಿಲ್ಲ. ಸ್ಟೇಶನ್ ಬಜಾರದಲ್ಲಿ ಎಲ್ಲರಿಗೂ ಗುರುತಿನವನಾದ ಹಮಾಲ ದತ್ತಪ್ಪ ಮಾತ್ರ ನೋಡಿದ್ದ.

"ಚೌಕಡಿ ಅಂಗಿ, ಕೈಯಾಗ ಒಂದು ಚೀಲ. ಹೌದ್ರಿ, ಬಂದಿದ್ದ. ಏಳರ ಸುಮಾರು. ಓಡಿ ಬಂದು ಉಸುರು ಹಿಡಿಯವಲ್ಲ. ಹೈದರಾಬಾದ ಗಾಡಿ ಅಂದ. ಹೋಗಿ ಇಪ್ಪತ್ತು ನಿಮಿಷ ಆಯ್ತಪಾ ಅಂದೆ. ಅಲ್ಲೇ ಕುಂತ. ನಮ್ಮ ಮಂದಿ ಇರತಾರ, ನನ್ನ ಬಿಟ್ಟು ಹೋಗಂಗಿಲ್ಲ ಅಂದ. ಆಮ್ಯಾಲ ಆ ಕಡಿ ಪ್ಲಾಟ್‌ಫಾರ್ಮಿಗೆ ಒಂದು ಗಾಡಿ ಬಂತು. ಬ್ರಿಡ್ಜ್ ಹತ್ತಿ ಓಡಿದ್ದು ನೋಡಿದೆ. ನಿಮ್ಮವಂತ ಗೊತ್ತಿದ್ರ ಹಿಡಕೊಂಡು ಕುಂದ್ರತಿದ್ದೆನಲ್ರಿ."

ಆ ಕಡೆಯ ಗಾಡಿ ಮುಂಬಯಿಯದು.

ರೈಲ್ವೆ ಪೊಲೀಸರು ಫೋಟೊ ಕೇಳಿದರು. ಅಮರನಾಥ ಮೊಬೈಲು ತೆಗೆದು ಒಂದೊಂದಾಗಿ ಸರಿಸಿದ. ವಿಜಿಯ ಹುಟ್ಟುಹಬ್ಬ, ಯಾರದೋ ಮದುವೆ, ಜೋಳದ ಸೀತನಿ ತಿನ್ನಲು ಹೋದದ್ದು. ಎಲ್ಲದರಲ್ಲೂ ಅವರು ಮೂವರೇ. ಒಂದರಲ್ಲಿ ಶಿವಲಿಂಗನ ಭುಜ, ಅರ್ಧ ಕಿವಿ ಇತ್ತು. ಕೊನೆಗೆ ಸುನಂದಾ ಮನೆಗೆ ಹೋಗಿ ಅಂಗವಿಕಲರ ಸರ್ಟಿಫಿಕೇಟು ತಂದಳು. ಅದರ ಮೇಲೆ ಹದಿನಾಲ್ಕು ವರ್ಷದ ಹಿಂದಿನ ಅವನ ಮುಖ ಅಂಗುಲದಷ್ಟಿತ್ತು. ಪೊಲೀಸರು ಅದನ್ನೇ ದೊಡ್ಡದು ಮಾಡಿಸಿದರು. ದೊಡ್ಡದಾದ ಮೇಲೆ ಅದು ಯಾರ ಮುಖವೂ ಆಗಬಹುದಿತ್ತು.

ಹನ್ನೊಂದು ದಿನ ಕಳೆದವು. ಅಮರನಾಥ ಸೊಲ್ಲಾಪುರ, ದೌಂಡ್, ಪುಣೆ ತಿರುಗಿ ಬಂದ. ಪ್ರವಾಸಕ್ಕೆಂದು ಇಟ್ಟಿದ್ದೆಲ್ಲ ಅದಕ್ಕೇ ಹೋಯಿತು. ಇಮಾಮುದ್ದೀನ್ ಮಿಲ್ಲಿಗೆ ಬರುವ ಲಾರಿಗಳ ಡ್ರೈವರುಗಳಿಗೆ ಫೋಟೊ ಹಂಚಿದ. ಅವನ ಹೆಂಡತಿ ಜಾಹೇದಾ ಎರಡು ಹೊತ್ತು ಊಟ ತಂದಿಟ್ಟು, ಸುನಂದಾ ಉಣ್ಣುವವರೆಗೂ ಎದುರಿಗೆ ಕೂರುತ್ತಿದ್ದಳು. ಗುಳಿಗೆಗಳ ಚೀಟಿ ಕಮಲಾಪುರದಲ್ಲೇ ಉಳಿದಿತ್ತು. ಸುನಂದಾ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ತನಗೆ ತಿಳಿಯದಂತೆಯೇ ಗಡಿಯಾರ ನೋಡುತ್ತಿದ್ದಳು.

ಹನ್ನೆರಡನೆಯ ದಿನ ಮಿಲ್ಲಿಗೆ ಒಂದು ಫೋನು ಬಂತು. ಮುಂಬಯಿಯ ಆಚೆ ಬದಿಯ ಒಂದು ಸರ್ಕಾರಿ ದವಾಖಾನೆಯ ವಾಚ್‌ಮನ್, ಅಫಜಲಪುರದ ಕಡೆಯವನು. ವಾರ್ಡಿನಲ್ಲಿ ಒಬ್ಬ ಬೇವಾರಸಿ ಪೇಶಂಟು ನಿದ್ದೆಯಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಹತ್ತಿರ ಹೋಗಿದ್ದನಂತೆ. ಹೆಸರು ಕೇಳಿದರೆ ಶಿವಲಿಂಗ ಎಂದ, ಊರು ಕೇಳಿದರೆ ಕಪನೂರ ಎಂದ, ಮಿಲ್ಲಿನ ಹೆಸರು ಹೇಳಿದ.

ಅಮರನಾಥ, ಇಮಾಮುದ್ದೀನ್ ಇಬ್ಬರೂ ಹೋಗಿ ಕರೆತಂದರು. ಆಟೊದಿಂದ ಇಳಿಸುವಾಗ ಸುನಂದಾಳಿಗೆ ಗುರುತು ಸಿಗಲಿಲ್ಲ. ತಲೆ ಬೋಳಿಸಿದ್ದರು. ಅಂಗಿ ಬೇರೆಯಾರದೋ. ಹಳಿಯ ಮಗ್ಗುಲಲ್ಲಿ ಬಿದ್ದಿದ್ದನಂತೆ. ಎಡಗಾಲಿಗೆ ಗಾಯವಾಗಿ, ಕೊಳೆತು, ಎರಡು ಬೆರಳು ತೆಗೆದಿದ್ದರು. ಬೆನ್ನಿನ ಮೇಲೆ ಮಾಯುತ್ತಿದ್ದ ಬಾಸುಂಡೆಗಳಿದ್ದವು. ಅದು ಹೇಗಾಯಿತೆಂದು ಡಾಕ್ಟರಿಗೂ ಹೇಳಿರಲಿಲ್ಲ, ಅಣ್ಣನಿಗೂ ಹೇಳಲಿಲ್ಲ.

ಒಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತ. ಸುನಂದಾ ನೀರು ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟು ಹೇಳಿದ:

"ವೈನಿ, ಬಸ್ಸು ತಡಾ ಆಯ್ತು. ನಾ ಓಡಿದೆ. ನಿಮ್ಮ ಟ್ರಿಪ್ ಕೆಡಸಿದೆ."

"ಇರಲಿ," ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಆ ಮಾತನ್ನು ಅವನು ಮತ್ತೆ ಮತ್ತೆ ಹೇಳಿದ. ಉಣ್ಣುವಾಗ, ಕಾಲಿನ ಪಟ್ಟಿ ಬಿಚ್ಚುವಾಗ. ತಡಾ ಮಾಡಿದೆ. ವಿಜಿ ಬಂದರೆ ಅವಳಿಗೂ ಹೇಳುತ್ತಿದ್ದ. ಹುಡುಗಿ ಅಲ್ಲಿಂದ ಎದ್ದು ಹೋಗುತ್ತಿದ್ದಳು. ಕಾಲು ಮಾಯುತ್ತ ಬಂದರೂ ಅವನು ಹೊಸಲು ದಾಟಲಿಲ್ಲ. ಹೊರಗೆ ಲಾರಿ ಹಾರ್ನ್ ಹೊಡೆದರೆ ಮಂಡಿಯೊಳಗೆ ತಲೆ ಹುದುಗಿಸುತ್ತಿದ್ದ. ಹುಮನಾಬಾದ್ ರಸ್ತೆಯ ಪಕ್ಕದ ಮನೆ, ಹಾರ್ನಿಲ್ಲದ ಗಳಿಗೆ ಇರುತ್ತಿರಲಿಲ್ಲ. ಇಮಾಮುದ್ದೀನ್ ಎರಡು ಸಲ ಬಂದು ಕರೆದ. "ಬಾ ಭಾಯಿ, ನೀ ಹೊಲದಂಗ ಯಾರೂ ಹೊಲಿಯಂಗಿಲ್ಲ. ಮಾಲಕರು ಕೇಳಾಕತ್ತಾರ." ಶಿವಲಿಂಗ ತಲೆಯಲ್ಲಾಡಿಸಿದ. ಸಂಕ್ರಾಂತಿಯ ಹೊತ್ತಿಗೆ ಮಿಲ್ಲಿನವರು ಆ ಜಾಗಕ್ಕೆ ಬೇರೊಬ್ಬನನ್ನು ಇಟ್ಟುಕೊಂಡರು.

ಅದೇ ವಾರ ನೀಲಗಂಗಮ್ಮ ಬಂದಳು. ಎರಡು ದಿನ ಇದ್ದು ನೋಡಿದಳು. "ನನ್ನ ಕೂಡ ಬರ್ತೀಯೇನೋ?" ಎಂದು ಕೇಳಿದಳು. ಅವನು ಮೊದಲ ಸಲ ತಾನಾಗಿ ಎದ್ದು ನಿಂತ. ಅವಳು ಯಾರ ಒಪ್ಪಿಗೆಯನ್ನೂ ಕೇಳದೆ ಅವನ ಬಟ್ಟೆ ಕಟ್ಟಿದಳು. ಬಾಗಿಲಲ್ಲಿ ಸುನಂದಾಳಿಗೆ, "ನಿನಗ ನಾ ಏನೂ ಅನ್ನಂಗಿಲ್ಲ. ನಿನ್ನ ಜಾಗದಾಗ ನಾನಿದ್ರ ಇಷ್ಟು ವರ್ಷ ನೋಡ್ಕೋತಿದ್ದೆನೋ ಇಲ್ಲೋ. ಆದ್ರ ಹುಡುಗ ತನ್ನದೇ ತಪ್ಪು ಅನ್ಕೋತ ಕುಂತಾನ. ಅದು ನೋಡಲಾಗವಲ್ದು," ಎಂದಳು.

ಆ ಮಾತು ಸುನಂದಾಳನ್ನು ಬಿಡಲಿಲ್ಲ. ಮನೆಯಲ್ಲಿ ಕೆಲಸ ಅರ್ಧವಾಗಿತ್ತು. ಯಾವುದಕ್ಕಾಗಿ ಎರಡು ದಿನ ಕೇಳಿದ್ದಳೋ ಅದು ಈಗ ದಿನವೆಲ್ಲ ಇತ್ತು, ಅದರಲ್ಲಿ ಮಾಡುವುದೇನೂ ಇರಲಿಲ್ಲ. ಒಂದು ತಿಂಗಳು ಹಾಗೇ ಕಳೆದು, ಶಿವರಾತ್ರಿಯ ಹಿಂದಿನ ಐತಾರ ಕಮಲಾಪುರದ ಬಸ್ಸು ಹತ್ತಿದಳು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ದುಡ್ಡಿಲ್ಲದ ಟಿಕೆಟ್ ಕೊಟ್ಟ.

ಶಿವಲಿಂಗ ತೋಟದಲ್ಲಿದ್ದ. ಗೊನೆ ಹೊತ್ತು ಬಾಗಿದ ಗಿಡಗಳಿಗೆ ಬಿದಿರಿನ ಊರುಗೋಲು ಕೊಟ್ಟು ಹಗ್ಗ ಬಿಗಿಯುತ್ತಿದ್ದ. ಕುಂಟುತ್ತಿದ್ದ, ಆದರೆ ಮೈ ತುಂಬಿಕೊಂಡಿತ್ತು. ತಲೆಗೆ ಕೂದಲು ಬಂದಿತ್ತು. ವೈನಿಯನ್ನು ಕಂಡು ನಕ್ಕ. ಕೂಡಲೇ, "ವೈನಿ, ಅವತ್ತು ನಾ ತಡಾ..." ಎಂದು ಶುರುಮಾಡಿದ.

"ನೀ ತಡಾ ಮಾಡಿಲ್ಲ," ಎಂದಳು ಸುನಂದಾ. ಹಾದಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಹೋಗಿದ್ದವು. "ಶಿವಲಿಂಗ, ಕೇಳು. ಟ್ರಿಪ್ ಮುಂದ ಹೋಗಿರಲಿಲ್ಲ. ನಾವು ಮೂರು ಮಂದಿ ಹೊಂಟಿದ್ವಿ. ನಿನ್ನ ಬಿಟ್ಟು ಹೋಗೋದಂತ ನಾನೇ ಅಂದೆ. ನಿಮ್ಮ ಅಣ್ಣ ತಾನಾಗಿ ಅಂದಿಲ್ಲ. ನೀ ಸ್ಟೇಶನ್ನಿಗೆ ಬರಾಕತ್ತೀದಿ ಅಂತ ಗೊತ್ತಾದ ಮ್ಯಾಲೂ ನಾನೇ ಗಾಡಿ ಹತ್ತಿಸಿದೆ. ನಿಂದೇನೂ ತಪ್ಪಿಲ್ಲ. ಎಲ್ಲಾ ನಂದೇ."

ಅವನ ಕೈ ಹಗ್ಗದ ಮೇಲೆ ನಿಂತಿತು. ಅರ್ಥವಾಯಿತೋ ಇಲ್ಲವೋ ಎಂದು ಅವಳು ಮುಖ ನೋಡಿದಳು. ಅವನು ಬಾಳೆಯ ಬುಡ ನೋಡುತ್ತ ಕೇಳಿದ:

"ವಿಜಿಗೂ ಗೊತ್ತಿತ್ತೇನ್ರಿ?"

ಈ ಪ್ರಶ್ನೆಯನ್ನು ಅವಳು ಎಣಿಸಿರಲಿಲ್ಲ. ಇಲ್ಲ ಎನ್ನಬಹುದಿತ್ತು. ಒಂದು ಮಾತಿನಿಂದ ಆ ಹುಡುಗಿಯಾದರೂ ಉಳಿಯುತ್ತಿದ್ದಳು. ಆದರೆ ಸುಳ್ಳು ಹೇಳುವುದು ಇನ್ನು ಸಾಕೆಂದು ನಿಶ್ಚಯಿಸಿಕೊಂಡೇ ಬಂದಿದ್ದಳು.

"ಗೊತ್ತಿತ್ತು. ಆಕಿ ಕೈಲಿ ನಾನೇ ಹೇಳಿಸಿದ್ದೆ. ಆಕಿಗೆ ಮನಸಿರಲಿಲ್ಲ."

ಶಿವಲಿಂಗ ಹಗ್ಗ ಬಿಗಿದು ಗಂಟು ಹಾಕಿದ. ಮುಂದಿನ ಗಿಡಕ್ಕೆ ಹೋದ. ಅದಕ್ಕೂ ಕೋಲು ಕೊಟ್ಟು ಬಿಗಿದ. ಅವಳು ಹಿಂದೆ ಹಿಂದೆ ಹೋದಳು. ನಾಲ್ಕನೆಯ ಗಿಡದ ಬಳಿ ಅವನು ತಿರುಗದೆಯೇ ಹೇಳಿದ:

"ಈಗ ಹೋಗ್ರಿ ವೈನಿ. ನೀವು ಯಾರೂ ಬರಬ್ಯಾಡ್ರಿ. ನಾ ಹೇಳತನಕ ಬರಬ್ಯಾಡ್ರಿ."

ಅವನು ಅವಳಿಗೆ ಬೇಡ ಎಂದದ್ದು ಅದೇ ಮೊದಲು. ಸುನಂದಾ ತೋಟದ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು, ನೀಲಗಂಗಮ್ಮನಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ನಡೆದಳು.

ಮನೆಯಲ್ಲಿ ವಿಜಿ ಬಾಗಿಲಲ್ಲೇ ಕಾಯುತ್ತಿದ್ದಳು. ಕಾಕಾ ಹೇಗಿದ್ದಾನೆ, ನಡೆಯುತ್ತಾನಾ, ನನ್ನ ಬಗ್ಗೆ ಏನಾದರೂ ಕೇಳಿದನಾ ಎಂದಳು. ಸುನಂದಾ ನಡೆದದ್ದನ್ನೆಲ್ಲ ಹೇಳಿದಳು. ಹುಡುಗಿ ಅಳಲಿಲ್ಲ. "ನೀ ಯಾಕ ಹೇಳ್ದಿ," ಎಂದು ಮೆಲ್ಲಗೆ ಕೇಳಿದಳು. ಆಮೇಲೆ ಅವರಿಬ್ಬರ ನಡುವೆ ಆ ವಿಷಯ ಬರಲಿಲ್ಲ. ಬೇರೆ ವಿಷಯಗಳೂ ಕಡಿಮೆಯಾದವು.

ನೀಲಗಂಗಮ್ಮ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಉಣ್ಣುತ್ತಾನೆ, ಗುಳಿಗೆ ತಾನೇ ಕೇಳಿ ತೆಗೆದುಕೊಳ್ಳುತ್ತಾನೆ, ತಡಾ ಮಾಡಿದೆ ಅನ್ನುವುದನ್ನು ಬಿಟ್ಟಿದ್ದಾನೆ. ಬರಲಿ ಅಂದನಾ ಎಂದು ಸುನಂದಾ ಕೇಳಿದರೆ, ಇನ್ನೂ ಇಲ್ಲ ಎನ್ನುತ್ತಿದ್ದಳು.

ಯುಗಾದಿ ಮುಗಿದ ಮೇಲೆ, ಮಿಲ್ಲಿನಲ್ಲಿ ಉಳಿದಿದ್ದ ತಮ್ಮನ ಪಗಾರವನ್ನು ಇಮಾಮುದ್ದೀನ್ ತಂದುಕೊಟ್ಟ. ಅದನ್ನು ಅವನ ಕೈಗೇ ಕೊಟ್ಟು ಬರುತ್ತೇನೆಂದು ಅಮರನಾಥ ಲಾಡ್ಜಿಗೆ ರಜೆ ಹಾಕಿ ಸಂತೆಯ ದಿನ ಕಮಲಾಪುರಕ್ಕೆ ಹೋದ. ಹೊತ್ತು ಮುಳುಗುವ ಮುಂಚೆಯೇ ತಿರುಗಿ ಬಂದ. ಕವರು ಜೇಬಿನಲ್ಲಿ ಹಾಗೇ ಇತ್ತು.

"ಸಿಗಲಿಲ್ಲೇನು?" ಎಂದು ಸುನಂದಾ ಕೇಳಿದಳು.

"ಸಿಕ್ಕ. ಅತ್ತಿ ಬಾಜೂಕ ಕುಂತು ಬಾಳಿಹಣ್ಣು ಮಾರಾಕತ್ತಿದ್ದ. ಗಿರಾಕಿ ಕೂಡ ಮಾತಾಡತಾನ. ಒಬ್ಬಾಕಿ ಕಡಿಮಿ ಮಾಡು ಅಂದ್ರ ಆಗಂಗಿಲ್ಲ ಅಂದ. ಚಹಾದಂಗಡ್ಯಾಗ ನಿಂತು ನೋಡಿದೆ."

"ಮಾತಾಡಸಲಿಲ್ಲ?"

ಅಮರನಾಥ ಚಪ್ಪಲಿ ಬಿಟ್ಟು ಒಳಗೆ ಬಂದ.

"ಬರಬ್ಯಾಡ ಅಂದಾನಲ್ಲ," ಎಂದ.